ಐಸಿಟಿಸಿ ಉಚಿತ ಪರೀಕ್ಷೆ: ಯಾವುದಕ್ಕೆ ಸಾಕು, ಯಾವುದಕ್ಕೆ ಸಾಲದು

ಅಸುರಕ್ಷಿತ ಸಂಬಂಧದ ಭಯದಲ್ಲಿ ರಾತ್ರಿ ಮೊಬೈಲ್ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಲೈಂಗಿಕ ರೋಗಗಳನ್ನೆಲ್ಲ ಪರೀಕ್ಷಿಸುವ ದುಬಾರಿ ‘ಫುಲ್ ಎಸ್‌ಟಿಡಿ ಪ್ಯಾಕೇಜ್’. ಅದಕ್ಕೆ ದುಡ್ಡು ಕಟ್ಟುವ ಮೊದಲು ಶಿವಮೊಗ್ಗದವರು ಮೆಗ್ಗಾನ್ ಆಸ್ಪತ್ರೆಯ ಐಸಿಟಿಸಿಗೆ, ಅಂದರೆ ಸರ್ಕಾರದ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ ಹೋಗಿ. ಸಾಗರ, ತೀರ್ಥಹಳ್ಳಿ ಕಡೆಯವರಿಗೆ ತಾಲ್ಲೂಕು ಆಸ್ಪತ್ರೆಯೇ ಹತ್ತಿರ. ಅಲ್ಲಿ ಪರಿಚಯದವರು ಸಿಕ್ಕಾರು ಎಂಬ ಅಳುಕಿದ್ದರೆ ಬೇರೆ ಊರಿನ ಕೇಂದ್ರಕ್ಕೂ ಹೋಗಬಹುದು.

ಮೊದಲು ಆಪ್ತ ಸಮಾಲೋಚಕರು ಪ್ರತ್ಯೇಕವಾಗಿ ಮಾತಾಡುತ್ತಾರೆ, ಒಪ್ಪಿಗೆ ಪಡೆದ ಮೇಲೆ ರಕ್ತ ತೆಗೆಯುತ್ತಾರೆ. 18 ತುಂಬಿದವರಿಗೆ ಅಪ್ಪ-ಅಮ್ಮನ ಸಹಿ ಬೇಡ. ಎಚ್‌ಐವಿ ಫಲಿತಾಂಶವನ್ನು ಗುಟ್ಟಾಗಿಡಬೇಕೆಂದು 2017ರ ಎಚ್‌ಐವಿ-ಏಡ್ಸ್ ಕಾಯ್ದೆಯೇ ಹೇಳುತ್ತದೆ. ಮೊದಲ ಟೆಸ್ಟ್ ಪಾಸಿಟಿವ್ ಬಂದರೆ ಅಷ್ಟಕ್ಕೇ ತೀರ್ಮಾನಿಸುವುದಿಲ್ಲ. ಬೇರೆ ಬೇರೆ ಕಿಟ್‌ಗಳಲ್ಲಿ ಒಟ್ಟು ಮೂರು ಬಾರಿ ನೋಡುತ್ತಾರೆ. ಇಷ್ಟು ಅಚ್ಚುಕಟ್ಟಿನ ಕೆಲಸ ಪೂರ್ತಿ ಉಚಿತ ಎಂಬುದು ನಿಜಕ್ಕೂ ದೊಡ್ಡ ಮಾತು.

ಹೆಚ್ಚಿನವರು ಎಡವುವುದು ದಿನದ ಲೆಕ್ಕದಲ್ಲಿ. ಘಟನೆಯಾದ ವಾರದೊಳಗೆ ಬಂದ ನೆಗೆಟಿವ್ ಚೀಟಿಗೆ ಬೆಲೆಯಿಲ್ಲ, ರಕ್ತದಲ್ಲಿ ಪ್ರತಿಕಾಯ ಇನ್ನೂ ಹುಟ್ಟಿರುವುದಿಲ್ಲ. ಮೂರು ತಿಂಗಳಿಗೆ ಮತ್ತೆ ಮಾಡಿಸಲೇಬೇಕು. ಅಪಾಯವಾಗಿ 72 ಗಂಟೆ ದಾಟಿಲ್ಲವಾದರೆ ಟೆಸ್ಟ್‌ಗಿಂತ ಔಷಧಿ ಮುಖ್ಯ: ನೇರ ತುರ್ತು ವಿಭಾಗಕ್ಕೆ ಹೋಗಿ ‘ಪೆಪ್’ ಕೇಳಿ, ಅಂದರೆ ಎಚ್‌ಐವಿ ಸೋಂಕು ತಗಲದಂತೆ ತಡೆಯುವ ಔಷಧಿ. 28 ದಿನದ ಮಾತ್ರೆ. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು.

ಕೊರತೆಯೂ ಇದೆ. ಐಸಿಟಿಸಿಯ ಮುಖ್ಯ ಕೆಲಸ ಎಚ್‌ಐವಿ ಪತ್ತೆ. ಸಿಫಿಲಿಸ್ ಪರೀಕ್ಷೆಯನ್ನು ಬಾಯಿಬಿಟ್ಟು ಕೇಳಿ. ಉರಿಮೂತ್ರ, ಕೀವು, ಹುಣ್ಣು, ದುರ್ವಾಸನೆಯ ಬಿಳಿಸೆರಗು ಇದ್ದರೆ ಲೈಂಗಿಕ ರೋಗಗಳಿಗೆಂದೇ ಇರುವ ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗೆ ತೋರಿಸಬೇಕು. ಅಲ್ಲಿ ಲಕ್ಷಣ ನೋಡಿ ಬಣ್ಣದ ಕಿಟ್‌ನಲ್ಲಿ ಮಾತ್ರೆ ಕೊಡುತ್ತಾರೆ. ಸಂಗಾತಿಗೂ ಚಿಕಿತ್ಸೆ ಆಗದಿದ್ದರೆ ರೋಗ ತಿರುಗಿ ಬರುತ್ತದೆ. ಆದರೆ ಕ್ಲಮಿಡಿಯಾ ಎಂಬ ಲೈಂಗಿಕ ಸೋಂಕು ಬಹಳಷ್ಟು ಹೆಣ್ಣುಮಕ್ಕಳಲ್ಲಿ ಲಕ್ಷಣವನ್ನೇ ತೋರದೆ ಮುಂದೆ ಗರ್ಭನಾಳ ಕೆಡಿಸಬಹುದು. ಲಕ್ಷಣ ನಂಬಿದ ಪದ್ಧತಿಗೆ ಇದು ಸಿಗುವುದಿಲ್ಲ. ಖಾಸಗಿ ಲ್ಯಾಬಿಗೆ ಖರ್ಚು ಮಾಡುವುದಾದರೆ ಇದಕ್ಕೇ ಮಾಡಿ: ಗೊನೊರಿಯಾ-ಕ್ಲಮಿಡಿಯಾ ಪಿಸಿಆರ್, ಅಂದರೆ ರೋಗಾಣುವಿನ ಅಂಶವನ್ನೇ ನೇರ ಹುಡುಕುವ ಪರೀಕ್ಷೆ. ಗಂಡಸರು ಒಂದು ಗಂಟೆ ಮೂತ್ರ ತಡೆದು, ಮೊದಲ ಧಾರೆಯನ್ನೇ ಹಿಡಿದು ಕೊಡಬೇಕು. ಪ್ಯಾಕೇಜಿನಲ್ಲಿ ಸೇರಿಸುವ ಹರ್ಪಿಸ್ ಐಜಿಜಿ (ಹರ್ಪಿಸ್ ವೈರಸ್‌ನ ಪ್ರತಿಕಾಯ ನೋಡುವ ರಕ್ತಪರೀಕ್ಷೆ) ಲಕ್ಷಣವಿಲ್ಲದವರಿಗೆ ಬೇಡ, ಸುಮ್ಮನೆ ಗಾಬರಿ.

ಹೊರಡುವಾಗ ಉಚಿತ ನಿರೋಧ್ ಕೇಳಿ ಪಡೆಯಿರಿ. ಪರ್ಸಿನಲ್ಲಿ, ಬೈಕಿನ ಸೀಟಿನಡಿ ಇಟ್ಟರೆ ಶಾಖಕ್ಕೂ ಉಜ್ಜಾಟಕ್ಕೂ ರಬ್ಬರ್ ಹಾಳಾಗುತ್ತದೆ. ಕೊಬ್ಬರಿ ಎಣ್ಣೆ ಸವರಿದರಂತೂ ಹರಿಯುವುದು ಖಚಿತ ಎಂದೇ ತಿಳಿಯಿರಿ. ನೀರಿನಂಶದ ಜೆಲ್ ಬಳಸಿ. ಕೇಂದ್ರ ತೆರೆಯುವುದು ಹೊರರೋಗಿ ವಿಭಾಗದ ಹೊತ್ತಿಗೆ, ಬೆಳಿಗ್ಗೆಯೇ ಹೋಗಿ. ಹೋಗುವ ಮುನ್ನ ಕೇಳುವುದಿದ್ದರೆ 1097ಕ್ಕೆ ಕರೆ ಮಾಡಿ, ಅದೂ ಉಚಿತ.