ಪದ್ಮಿನಿ ಕಾರಿನ ರಾಕರ್ ಶಾಫ್ಟ್ ಮಾಡಿಸಕ್ಕೆ ಹೋಗಿ ಬೇಸ್ತು ಬಿದ್ದೆ, ನೀವು ಬೀಳಬೇಡಿ

ಹೇಳ್ಕೊಳ್ಳಕ್ಕೇ ನಾಚಿಕೆ ಆಗ್ತದೆ, ಆದ್ರೂ ಬರೀತಿದ್ದೇನೆ. ಶಿರಸಿ, ಕುಮಟಾ ಕಡೆ ಹಳೇ ಗಾಡಿ ಇಟ್ಕೊಂಡೋರು ಇನ್ನೂ ಸುಮಾರು ಜನ ಇದ್ದೀರಿ, ನಂಗೆ ಶಾಫ್ಟ್ ಮಾಡಿಕೊಟ್ಟ ಲೇತ್‌ನೋರ (ಕಬ್ಬಿಣ ಕಡೆಯೋ ವರ್ಕ್‌ಶಾಪ್‌ನೋರ) ಬಾಯಿ ಎಷ್ಟು ಸಿಹಿ ಅಂದ್ರೆ ನಾಳೆ ನಿಮ್ಮನ್ನೂ ಕೂರಿಸಿ ಚಾ ಕುಡಿಸಿ ಕಳಿಸ್ತಾರೆ. ಹೆಸ್ರು ಹಾಕಲ್ಲ. ಕರಾವಳಿ ಕಡೆಯವ್ರು, ಅಷ್ಟೇ.

ಗಾಡಿ ಅಪ್ಪಯ್ಯನ ಕಾಲದ ಪ್ರೀಮಿಯರ್ ಪದ್ಮಿನಿ, 1986ರದ್ದು, 1089 ಸಿಸಿ. ಟ್ಯಾಪೆಟ್ (ಎಂಜಿನ್ ವಾಲ್ವ್ ಹತ್ರದ ಸಂದು) ಎಷ್ಟು ಸಲ ಸೆಟ್ ಮಾಡಿದ್ರೂ ಟಿಕ್ ಟಿಕ್ ನಿಲ್ತಿರ್ಲಿಲ್ಲ, ಬಿಚ್ಚಿ ನೋಡಿದ್ರೆ ರಾಕರ್ ಶಾಫ್ಟ್, ಅಂದ್ರೆ ವಾಲ್ವ್ ಒತ್ತೋ ರಾಕರ್‌ಗಳು ಕೂರೋ ಸರಳು, ಸವೆದು ಗುಳಿ ಬಿದ್ದಿತ್ತು. ಪದ್ಮಿನಿ ತಯಾರಿ ನಿಂತು ಇಪ್ಪತ್ತು ವರ್ಷದ ಮೇಲಾಯ್ತು, ಸ್ಪೇರ್ ಎಲ್ಲಿ ಸಿಗ್ತದೆ? ಮುಂಬೈ ಕುರ್ಲಾದಲ್ಲೂ ಕೇಳಿಸ್ದೆ, ಇಲ್ಲ. ಯಾರೋ ಹೇಳಿದ್ರು, ಇಂತಾ ಲೇತ್‌ಗೆ ಹೋಗಿ ಅಂತ. ದೇವಿಮನೆ ಘಾಟಿ ಇಳಿದು ಬಸ್ಸಲ್ಲಿ ಹೋದೆ, ಸ್ಯಾಂಪಲ್‌ಗೆ ಹಳೇ ಶಾಫ್ಟ್ ಕೊಟ್ಟೆ.

"ಹೆಗಡೇರೆ, ಇಂತಾದ್ದು ನೂರು ಮಾಡಿದ್ದೇನೆ, ಹಾರ್ಡ್ನಿಂಗ್, ಗ್ರೈಂಡಿಂಗ್ ಎಲ್ಲಾ ಸೇರಿ 3,800" ಅಂದ್ರು. ಹಾರ್ಡ್ನಿಂಗ್ ಅಂದ್ರೆ ಬೇಗ ಸವೆಯದ ಹಾಂಗೆ ಕಾಯಿಸಿ ಗಟ್ಟಿ ಮಾಡೋದು. 2,000 ಅಡ್ವಾನ್ಸ್ ಕೊಟ್ಟೆ. ರಸೀದಿ ಕೇಳ್ಲಿಲ್ಲ, ಅದು ನನ್ನ ದಡ್ಡತನ. ಒಂದು ವಾರ ಅಂದಿದ್ದು ಐದು ವಾರ ಆಯ್ತು. ಫೋನ್ ಮಾಡಿದಾಗೆಲ್ಲ "ನಾಳೆ ನೋಡ್ವ". ಕಡೆಗೆ ಕೊಟ್ರು. ಶಾಫ್ಟ್ ಮೈಯೆಲ್ಲ ಚಂದ ನೀಲಿ ಬಣ್ಣ. "ಕಲರ್ ನೋಡಿ, ಹಾರ್ಡ್ ಆಗದಿದ್ರೆ ಹೀಂಗೆ ನೀಲಿ ಬರ್ತಿತ್ತಾ?" ಅಂದ್ರು. ನಾನು ತಲೆ ಆಡಿಸ್ದೆ. ತಲೆ ಆಡಿಸಿದ್ದಲ್ದೆ ಊರಿಗೆಲ್ಲ ಹೇಳ್ಕೊಂಡೂ ಬಂದೆ, ನಮ್ಮ ಜಿಲ್ಲೇಲೂ ಒಳ್ಳೇ ಕೆಲಸಗಾರ್ರು ಇದ್ದಾರೆ ಅಂತ!

ಮುನ್ನೂರು ಕಿಲೋಮೀಟರ್ ಓಡಿಲ್ಲ, ಮತ್ತೆ ಟಿಕ್ ಟಿಕ್. ಅದೂ ಎಲ್ಲಿ, ಆಯಿನ್ನೂ ಅತ್ತೇನೂ ಕೂರಿಸ್ಕೊಂಡು ಗೋಕರ್ಣಕ್ಕೆ ಹೋಗಿ ವಾಪಸ್ ಘಾಟಿ ಹತ್ತುವಾಗ. ಮೆಕ್ಯಾನಿಕ್ ಬಿಚ್ಚಿದ, ಏನೂ ಮಾತಾಡ್ಲಿಲ್ಲ, ಅರ (ಫೈಲ್) ತಂದು ಶಾಫ್ಟ್ ತುದಿಗೆ ಒಂದೇ ಸಲ ಎಳೆದ. ಹೆರೆಮಣೇಲಿ ಕಾಯಿ ಹೆರೆದ ಹಾಂಗೆ ಪುಡಿ ಉದುರ್ತು. ಹಾರ್ಡ್ ಆಗಿರೋ ಶಾಫ್ಟ್ ಮೇಲೆ ಅರ ಜಾರ್ಬೇಕು, ಕಚ್ಚಬಾರ್ದು. ಅದು ಬರೀ ಎಂಎಸ್ (ಮೈಲ್ಡ್ ಸ್ಟೀಲ್, ಮೆತ್ತನೆ ಉಕ್ಕು) ಬ್ರೈಟ್ ಬಾರ್, ಹೊಳಪಿನ ಸರಳು ಅಂತೆ, ಗ್ಯಾಸ್ ಟಾರ್ಚಲ್ಲಿ ಕಾಯಿಸಿ ಸುಟ್ಟೆಣ್ಣೆಗೆ ಅದ್ದಿದ್ದು. ನೀಲಿ ಬಣ್ಣ ಮುನ್ನೂರು ಡಿಗ್ರಿ ಸುಮಾರಿಗೇ ಬರ್ತದೆ, ಹಾರ್ಡ್ ಆಗ್ಬೇಕಾದ್ರೆ ಕೆಂಪಗೆ ಕಾಯ್ಬೇಕು, ಎಂಟುನೂರರ ಮೇಲೆ, ಅದೂ ಕಬ್ಬಿಣದಲ್ಲಿ ಕಾರ್ಬನ್ ಇದ್ರೆ. ಎಂಎಸ್‌ನಲ್ಲಿ ಅದು ಕಮ್ಮಿ, ಕೇಸ್ ಹಾರ್ಡ್ನಿಂಗ್ (ಮೇಲ್ಮೈಗೆ ಕಾರ್ಬನ್ ಸೇರಿಸಿ ಗಟ್ಟಿ ಮಾಡೋದು) ಮಾಡ್ದೆ ಎಷ್ಟು ಅದ್ದಿದ್ರೂ ಅಷ್ಟೇ. ಆ ನೀಲಿ ನೋಡಿ ನಾನು ಫೋಟೋ ಬೇರೆ ತೆಗ್ದಿದ್ದೆ. ಗ್ಯಾರೇಜಲ್ಲಿ ನಾಲ್ಕು ಜನ ನಿಂತಿದ್ರು, ಒಬ್ಬ ನಕ್ಕೂ ಬಿಟ್ಟ.

ಫೋನ್ ಮಾಡ್ದೆ. ಮೊದ್ಲು "ನಿಮ್ಮ ಎಂಜಿನ್ ಎಣ್ಣೆ ಸರಿ ಇಲ್ಲ". ಎಣ್ಣೆ ಹೊಸದು ಅಂದೆ. ಆಮೇಲೆ "ಮೆಕ್ಯಾನಿಕ್ ಫಿಟ್ಟಿಂಗ್ ತಪ್ಪು". ಅರ ಎಳೆದ ಕತೆ ಹೇಳಿದ್ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು "ಇಷ್ಟು ಹಳೇ ಗಾಡಿಗೆ ಇದೇ ಸಾಕು ಹೆಗಡೇರೆ, ನೀವೇನು ಬೆಂಗಳೂರಿಗೆ ಹೋಗ್ತೀರಾ?" ಅಂದ್ರು. ಈ ಮಾತು ನಂಗೆ ಇನ್ನೂ ಅರಗಿಲ್ಲ. ದುಡ್ಡು ಬಿಡಿ, ನನ್ನ ಹಳೇ ಶಾಫ್ಟ್ ಆದ್ರೂ ಕೊಡಿ ಅಂದೆ. "ಅದಾ? ಗುಜರಿಗೆ ಹೋಯ್ತು." ಅಷ್ಟೇ. ಗುಜರಿಗೆ ಹೋಯ್ತು! ಅದೊಂದೇ ಅಳತೆ ಇದ್ದಿದ್ದು ನಂಗೆ.

ಯಾರಾದ್ರೂ ಮಾಡಿಸೋರಿದ್ರೆ, ಯಾವ ಸ್ಟೀಲು ಅಂತ ಬಿಲ್ಲಲ್ಲಿ ಬರೆಸಿ, ಸ್ಯಾಂಪಲ್ ಬಿಟ್ಟು ಬರ್ಬೇಡಿ, ಬಿಡ್ಲೇಬೇಕಾದ್ರೆ ಸವೆಯದಿರೋ ಜಾಗದಲ್ಲಿ ಮೈಕ್ರೋಮೀಟರ್ ಹಿಡಿಸಿ ಅಳತೆ ಬರ್ಕೊಳ್ಳಿ. ಹಾರ್ಡ್ನಿಂಗ್ ಎಲ್ಲಿ ಮಾಡಿಸ್ತೀರಿ ಅಂತ ಕೇಳಿ, "ಇಲ್ಲೇ" ಅಂದ್ರೆ ಎದ್ದು ಬನ್ನಿ. ಜೇಬಲ್ಲಿ ಒಂದು ಅರ ಇಟ್ಕೊಂಡು ಹೋಗಿ, ಅವ್ರಿಗೆ ಸಿಟ್ಟು ಬಂದ್ರೆ ಬರ್ಲಿ.

ನಾನೀಗ ಬೆಳಗಾವಿ ಉದ್ಯಮಬಾಗ ಕೈಗಾರಿಕಾ ಪ್ರದೇಶಕ್ಕೆ ಹೋಗಿ ವಿಚಾರಿಸೋಣ ಅಂತ ಇದ್ದೇನೆ, ಆದ್ರೆ ಅಳತೆ ಇಲ್ದೆ ಹೋಗಿ ಏನು ಮಾಡ್ಲಿ. ಯಾರ ಮನೆ ಕೊಟ್ಟಿಗೇಲಾದ್ರೂ ಪದ್ಮಿನಿದು ಹಳೇ ಎಂಜಿನ್ ಹೆಡ್ (ರಾಕರ್ ಶಾಫ್ಟ್ ಕೂರೋ ಮೇಲಿನ ಭಾಗ) ಬಿದ್ದಿದ್ರೆ ದಯವಿಟ್ಟು ಹೇಳಿ. ನಾನೇ ಬರ್ತೇನೆ, ನಿಮ್ಮೆದ್ರೇ ಅಳತೆ ತಗೊಂಡು ಅಲ್ಲೇ ವಾಪಸ್ ಇಟ್ಟು ಹೋಗ್ತೇನೆ.