ಕೃಷಿ ಹೊಂಡಕ್ಕೆ ಮೀನುಮರಿ ತರಿಸೋರೇ, ಕತ್ತಲಲ್ಲಿ ಬಂದ ಗಾಡಿಯಿಂದ ಇಳಿಸಿಕೊಳ್ಳಬೇಡಿ

ಬರೆಯೋಕೆ ನಾಚಿಕೆ ಆಗ್ತಿದೆ. ಮೀನು ಸಾಕೋದು ಹೊಸದಾಗಿದ್ದರೆ ಹೋಗ್ಲಿ ಬಿಡು ಅನ್ನಬಹುದಿತ್ತು. ಕಾಟ್ಲಾ ಯಾವುದು, ಮೃಗಾಲ್ ಯಾವುದು ಅಂತ ಗೊತ್ತಿದ್ದೂ ಮೋಸ ಹೋಗಿದ್ದೀನಿ, ಅದೂ ನಾನೇ ಟಾರ್ಚ್ ಹಿಡ್ಕೊಂಡು ನಿಂತು.

ಹೊಂಡ 21 ಮೀಟರ್‌ಗೆ 21, ಆಳ 3 ಮೀಟರ್. ಪ್ಲಾಸ್ಟಿಕ್ ಹಾಳೆ ಹಾಸಿದ್ದು, ತುಂಬಿಸಿದ್ದು ಬೋರ್‌ವೆಲ್ ನೀರು. ಹೆಕ್ಟೇರಿಗೆ 5000 ಲೆಕ್ಕ ಹಿಡಿದರೆ ಇದಕ್ಕೆ 220 ಮರಿ ಸಾಕು. ತಪ್ಪದೆ ತೌಡು, ಕಡಲೆಕಾಯಿ ಹಿಂಡಿ ಹಾಕೋದಾದ್ರೆ 400ರವರೆಗೆ ಹೋಗಬಹುದು. ಮಾರೋನು ಮೊದಲನೇ ಫೋನಿನಲ್ಲೇ "1500 ಬಿಡಿ ಸಾರ್, ಸಾಯೋದು ಸಾಯುತ್ತೆ, ಉಳಿಯೋದು ಉಳಿಯುತ್ತೆ" ಅಂದ. ಅಲ್ಲೇ ಫೋನ್ ಇಡಬೇಕಿತ್ತು. ಇಡಲಿಲ್ಲ. 400 ಬಲಿತ ಮರಿ ಅಂತ ಮಾತಾಯ್ತು. ಬೆರಳುದ್ದದ್ದು, ಅಂದ್ರೆ 8ರಿಂದ 10 ಸೆಂಟಿಮೀಟರ್. 160 ಕಾಟ್ಲಾ, 120 ರೋಹು, 120 ಮೃಗಾಲ್. ಒಂದಕ್ಕೆ 6 ರೂಪಾಯಿ, ಗಾಡಿ ಬಾಡಿಗೆ 800. ಬೆಳೆದ ಮೇಲೆ ನಾವೇ ಕೊಳ್ತೀವಿ ಅಂತಲೂ ಹೇಳಿದ.

ಇದು ಜುಲೈ ತಿಂಗಳ ಮಾತು. ಈ ಮೀನುಗಳು ಮರಿ ಮಾಡೋದು ಮಳೆಗಾಲದಲ್ಲಿ. ಈ ಸಲದ ಮಳೆಗೆ ಇಟ್ಟ ಮೊಟ್ಟೆ ಜುಲೈಗೇ ಬೆರಳುದ್ದ ಆಗುತ್ತಾ? ಮೊಟ್ಟೆ ಒಡೆದು 2-3 ಸೆಂಟಿಮೀಟರ್ ಆಗೋಕೆ ಎರಡು ಮೂರು ವಾರ ಬೇಕು, ಅಲ್ಲಿಂದ ಬೆರಳುದ್ದಕ್ಕೆ ಇನ್ನೂ ಎರಡು ಮೂರು ತಿಂಗಳು. ಹೋದ ವರ್ಷದ್ದನ್ನ ಉಳಿಸಿಕೊಂಡಿದ್ದರೆ ಮಾತ್ರ ಜುಲೈನಲ್ಲಿ ಸಿಗುತ್ತೆ. ಹಂಗೆ ಉಳಿಸಿಕೊಂಡಿದ್ದೀರಾ ಅಂತ ಒಂದು ಮಾತು ಕೇಳಲಿಲ್ಲ ನಾನು.

ಬೆಳಿಗ್ಗೆ 7ಕ್ಕೆ ಬರ್ತೀನಿ ಅಂದೋನು ಬಂದದ್ದು ರಾತ್ರಿ 7:30ಕ್ಕೆ. "ಬಿಸಿಲಿಗೆ ಮರಿ ಸಾಯುತ್ತೆ ಸಾರ್, ಅದಕ್ಕೇ ಲೇಟು." ಮಾತು ಸುಳ್ಳೇನಲ್ಲ, ಅದೇ ತೊಂದರೆ. ಇಳಿಸಿದ್ದು ನೀರು, ಆಕ್ಸಿಜನ್ ತುಂಬಿದ ಎರಡೇ ಎರಡು ಪ್ಲಾಸ್ಟಿಕ್ ಕವರ್. ಈಗ ಕೂತು ಲೆಕ್ಕ ಹಾಕಿದ್ರೆ ಹಣೆ ಚಚ್ಕೊಳ್ಳೋ ಹಂಗಾಗುತ್ತೆ. 400 ಬೆರಳುದ್ದದ ಮರಿ ಅಂದ್ರೆ ಮೂರು ನಾಲ್ಕು ಕೆಜಿ ಮೀನು. ಕವರಿಗೆ ಐದಾರು ಲೀಟರ್ ನೀರು. ಅಷ್ಟು ಮೀನು ಅಷ್ಟು ನೀರಲ್ಲಿ ಗಂಟೆಗಟ್ಟಲೆ ಕೂತು ಜೀವಂತ ಬರುತ್ತಾ?

ಆಮೇಲೆ ಎಣಿಕೆ. ಚಹಾ ಸೋಸೋ ಜಾಲರಿ ತೆಗೆದ. ಮೊದಲನೇದನ್ನ ತುಂಬ ತುಂಬಿಸಿ ನನ್ನ ಮುಂದೆ ಒಂದೊಂದಾಗಿ ಎಣಿಸಿದ, 40 ಬಂತು. "ಹತ್ತು ಜಾಲರಿ, 400, ಸರೀನಾ ಸಾರ್?" ಸರಿ ಅಂದೆ. ಉಳಿದ ಒಂಬತ್ತು ಜಾಲರಿಯಲ್ಲಿ ಅರ್ಧ ಮರಿ, ಅರ್ಧ ಗಾಳಿ, ಕೈ ಓಡಿದ್ದೇ ಓಡಿದ್ದು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ: ಜಾಲರಿಯಲ್ಲಿ ಅಳೆಯೋದು ಚಿಕ್ಕ ಮರಿಯನ್ನ. ಬೆರಳುದ್ದದ್ದನ್ನ ಒಂದೊಂದಾಗಿ ಎಣಿಸ್ತಾರೆ. ಚಹಾ ಜಾಲರಿಯಲ್ಲಿ 40 ಹಿಡೀತು ಅಂದ್ರೆ ಅದು ಬಲಿತ ಮರಿ ಅಲ್ಲವೇ ಅಲ್ಲ. ಚಿಕ್ಕದಾಗಿ ಕಾಣುತ್ತಲ್ಲಪ್ಪ ಅಂದೆ. "ಟಾರ್ಚ್ ಬೆಳಕಿಗೆ ಹಂಗೆ ಕಾಣುತ್ತೆ ಸಾರ್." ದುಡ್ಡು ಕೊಟ್ಟೆ.

ಕವರನ್ನ 20 ನಿಮಿಷ ಹೊಂಡದ ನೀರ ಮೇಲೆ ತೇಲಬಿಟ್ಟು, ನೀರಿಗೆ ನೀರು ಬೆರೆಸಿ, ಆಮೇಲೆ ಬಿಡಬೇಕು. ಅದನ್ನಂತೂ ಸರಿಯಾಗೇ ಮಾಡಿದೆ. ಕಳ್ಳ ಮಾಲನ್ನ ಅಷ್ಟು ಜೋಪಾನವಾಗಿ ಬಿಟ್ಟಿದ್ದೀನಿ ನೋಡಿ.

ಅಕ್ಟೋಬರ್‌ನಲ್ಲಿ ಗಾಳಕ್ಕೆ ಗೋಧಿಹಿಟ್ಟಿನ ಉಂಡೆ ಸಿಕ್ಕಿಸಿ ಹಾಕಿದ್ರೆ ಮೊದಲು ಬಂದದ್ದು ಜಿಲೇಬಿ, ಅಂದ್ರೆ ಟಿಲಾಪಿಯಾ ಮೀನು. ಎರಡನೇದೂ ಜಿಲೇಬಿ. ಆರೂ ಜಿಲೇಬಿ. ಬೀಸುಬಲೆ ಹಾಕಿದ್ರೆ ಅದರ ಮಕ್ಕಳು, ಮೊಮ್ಮಕ್ಕಳು. ಜಿಲೇಬಿ ಎರಡು ಮೂರು ತಿಂಗಳಿಗೇ ಮರಿ ಹಾಕೋಕೆ ಶುರು ಮಾಡುತ್ತೆ, ವರ್ಷದಲ್ಲಿ ಎಷ್ಟೋ ಸಲ. ಹಾಕಿದ ತೌಡೆಲ್ಲ ಅದರ ಪಾಲು. ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿತ್ತು, ಆಮ್ಲಜನಕ ಸಾಲದೆ. ಫೆಬ್ರವರಿಯಲ್ಲಿ ಎಳೆಬಲೆ ಎಳೆದಾಗ ಸಿಕ್ಕ ಕಾಟ್ಲಾ ಹನ್ನೊಂದು. 160 ಅಲ್ಲ, ಹನ್ನೊಂದು. ಒಂದೂ 200 ಗ್ರಾಂ ದಾಟಿರಲಿಲ್ಲ.

ಫೋನ್ ಮಾಡಿದೆ. ಮೊದಲ ಉತ್ತರ, "ನಿಮ್ಮ ನೀರು ಸರಿ ಇಲ್ಲ ಸಾರ್." ನೀರು ಸರಿ ಇಲ್ಲದಿದ್ರೆ ಜಿಲೇಬಿ ಹೆಂಗೆ ಹುಲುಸಾಗಿ ಬೆಳೀತು ಅಂದೆ. "ಕೊಕ್ಕರೆ ಕಾಲಿಗೆ ಮೊಟ್ಟೆ ಅಂಟ್ಕೊಂಡು ಬಂದಿರುತ್ತೆ." ಅಯ್ಯಾ, ಜಿಲೇಬಿ ಮೊಟ್ಟೆಯನ್ನ ಅದರ ತಾಯಿ ಬಾಯಲ್ಲಿ ಇಟ್ಕೊಂಡು ಮರಿ ಮಾಡುತ್ತೆ, ಕೊಕ್ಕರೆ ಕಾಲಿಗೆ ಹೆಂಗೆ ಅಂಟುತ್ತೆ? ಹಾಳೆ ಹಾಸಿದ ಹೊಂಡಕ್ಕೆ, ಬೋರ್‌ವೆಲ್ ನೀರಿಗೆ, ನಿನ್ನ ಕವರ್ ಬಿಟ್ಟು ಬೇರೆ ದಾರಿ ಎಲ್ಲಿದೆ? ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದದ್ದು ಇದು: "ಜಿಲೇಬಿನೂ ತಿನ್ನೋ ಮೀನೇ ಅಲ್ವಾ ಸಾರ್. ಎಕ್ಸ್‌ಟ್ರಾ ಬಂತು ಅಂದ್ಕೊಳ್ಳಿ."

ಎಕ್ಸ್‌ಟ್ರಾ! ಹಂಗಾದ್ರೆ ನೀನೇ ಕೊಳ್ಳು, ಮಾತು ಕೊಟ್ಟಿದ್ದೆಯಲ್ಲ ಅಂದೆ. "ಕೆಜಿ ಮೇಲಿರೋ ಕಾಟ್ಲಾ ಇದ್ರೆ ಹೇಳಿ." ಬಿಲ್ ಕೇಳಿದ್ದಕ್ಕೆ "ಜೀವ ಇರೋ ಮಾಲಿಗೆ ಬಿಲ್ ಎಲ್ಲಿ ಕೊಡ್ತಾರೆ ಸಾರ್" ಅಂದ. ಅಲ್ಲಿಂದ ಮುಂದೆ ಫೋನ್ ಎತ್ತಿಲ್ಲ. ಆದ್ರೆ ಈ ಜೂನ್‌ನಲ್ಲಿ ವಾಟ್ಸಾಪ್ ಬಂತು, ಎಲ್ಲರಿಗೂ ಕಳಿಸೋ ಮೆಸೇಜು: ಬಲಿತ ಮರಿ ಲಭ್ಯ, ಬೇಗ ಬುಕ್ ಮಾಡಿ.

ಹೋದ ದುಡ್ಡು 3,200. ಅದಲ್ಲ ನನ್ನ ಸಂಕಟ. ಮೇವು ಹೋಯ್ತು, ಒಂದು ವರ್ಷ ಹೋಯ್ತು.

ತರಿಸಲೇಬೇಕಾದ್ರೆ ಹಗಲಲ್ಲೇ ತರಿಸಿ, ಬಿಳಿ ಬಕೆಟ್‌ಗೆ ಸುರಿದು ನೋಡಿ. ಕಾಟ್ಲಾಗೆ ದಪ್ಪ ತಲೆ, ಮೇಲೆ ತಿರುಗಿದ ಬಾಯಿ. ಬೆನ್ನ ರೆಕ್ಕೆಯನ್ನ ಬಾಲದ ಕಡೆಯಿಂದ ತಲೆ ಕಡೆಗೆ ಸವರಿ. ಸಾಲಾಗಿ ಮುಳ್ಳು ಚುಚ್ಚಿದ್ರೆ ಜಿಲೇಬಿ, ಕಾಟ್ಲಾ-ರೋಹು-ಮೃಗಾಲ್ ಮೂರಕ್ಕೂ ಅಲ್ಲಿ ಮುಳ್ಳಿಲ್ಲ. 2-3 ಸೆಂಟಿಮೀಟರ್ ಮರಿಯಲ್ಲಿ ಇದೆಲ್ಲ ಗೊತ್ತಾಗೋದು ಕಷ್ಟ, ಅದಕ್ಕೇ ಇಂಥೋರು ಅದನ್ನೇ ತರೋದು. ಭದ್ರಾ ಅಣೆಕಟ್ಟಿನ ಹತ್ತಿರದ ಬಿ.ಆರ್. ಪ್ರಾಜೆಕ್ಟ್‌ನಲ್ಲಿರೋ ಥರದ ಮೀನುಗಾರಿಕೆ ಇಲಾಖೆ ಫಾರಂ ದೂರ ಅಂತ ನಾನು ಸೋಮಾರಿತನ ಮಾಡಿದೆ, ನೀವು ಮಾಡಬೇಡಿ.

ಜಿಲೇಬಿ ಸೇರಿಯೇ ಬಿಟ್ಟಿದ್ರೆ ಬಲೆ ಹಾಕಿ ಮುಗಿಸ್ತೀನಿ ಅನ್ನೋ ಆಸೆ ಬಿಡಿ, ನಾಲ್ಕು ಸಲ ಎಳೆದು ಸೋತಿದ್ದೀನಿ. ನೀರು ಪೂರ್ತಿ ಖಾಲಿ ಮಾಡಿಸಿ. ಹಾಳೆಯ ಮಡಿಕೆಯಲ್ಲಿ, ಮೂಲೆಯ ಕೆಸರಲ್ಲಿ ಒಂದು ಬೊಗಸೆ ನೀರು ನಿಂತಿದ್ರೂ ಮರಿ ಅಲ್ಲಿ ಉಳಿಯುತ್ತೆ. ಬಟ್ಟೆಯಲ್ಲಿ ಒರೆಸಿ ತೆಗೆದು ವಾರ ಒಣಗಿಸಿ. ನನ್ನದು ಈಗ ಐದನೇ ದಿನ, ಇವತ್ತು ಬೆಳಿಗ್ಗೆ ಕೂಡ ಒಂದು ಮಡಿಕೆಯಲ್ಲಿ ಮೂರು ಒದ್ದಾಡ್ತಿದ್ವು.