ಜಾಂಗೊ ಓಆರ್‌ಎಂ: ನಾಲ್ಕು ವರ್ಷದ ಬಳಕೆ, 601 ಕ್ವೆರಿಗಳ ಒಂದು ಬೆಳಗ್ಗೆ

ಮುದ್ದು ಮಾಡಿ ಮಕ್ಕಳನ್ನು ಕೆಡಿಸುವ ಅಜ್ಜಿಯರಿರುತ್ತಾರಲ್ಲ, ಜಾಂಗೊ ಓಆರ್‌ಎಂ ಆ ಪೈಕಿ. ಪೈಥಾನ್ ಭಾಷೆಯಲ್ಲಿ ವೆಬ್ ಅಪ್ಲಿಕೇಶನ್ ಕಟ್ಟಲು ಬಳಸುವ ಜಾಂಗೊ ಎಂಬ ಚೌಕಟ್ಟಿನಲ್ಲಿ, ಡೇಟಾಬೇಸಿನ ಜೊತೆ ನಮ್ಮ ಪರವಾಗಿ ಮಾತನಾಡುವ ಭಾಗ ಇದು. ಕೋಲಾರದ ಎಪಿಎಂಸಿಯ ಒಂದು ಟೊಮೆಟೊ ಮಂಡಿಗೆ ನಾನು ಬರೆದುಕೊಟ್ಟ ಲೆಕ್ಕದ ವೆಬ್ ಅಪ್ಲಿಕೇಶನ್ ಇದರ ಮೇಲೆ ನಿಂತು ನಾಲ್ಕು ವರ್ಷ ದಾಟಿತು. ರೈತ, ವ್ಯಾಪಾರಿ, ಲಾಟು (ಒಟ್ಟಿಗೆ ಹರಾಜಿಗಿಟ್ಟ ಮಾಲು) ಎಂದು ಪೈಥಾನಿನಲ್ಲಿ ಮೂರು ಕ್ಲಾಸ್ ಬರೆದೆ. ಡೇಟಾಬೇಸಿನಲ್ಲಿ ಮೂರು ಟೇಬಲ್ ಎದ್ದವು. ಟೇಬಲಿನ ಒಂದು ಸಾಲು ನನ್ನ ಕೈಗೆ ಒಂದು ಆಬ್ಜೆಕ್ಟ್ ಆಗಿ ಬರುತ್ತದೆ. ಲಾಟಿನ ಮುಂದೆ ಚುಕ್ಕಿ ಇಟ್ಟು ರೈತ ಎಂದರೆ ರೈತ ಸಿಗುತ್ತಾನೆ. ಮತ್ತೊಂದು ಚುಕ್ಕಿ ಇಟ್ಟು ಊರು ಎಂದರೆ ಶ್ರೀನಿವಾಸಪುರವೋ ಮುಳಬಾಗಿಲೋ ಬಂದು ನಿಲ್ಲುತ್ತದೆ. ಕಾಲೇಜಿನಲ್ಲಿ ಜಾಯಿನ್ (ಟೇಬಲ್‌ಗಳನ್ನು ಜೋಡಿಸಿ ಓದುವ ಆಜ್ಞೆ) ಬರೆಯಲು ತಿಣುಕಾಡಿದವನಿಗೆ ಇನ್ನೇನು ಬೇಕು?

ನನಗೆ ಹೆಚ್ಚು ಇಷ್ಟವಾದದ್ದು ಮೈಗ್ರೇಷನ್, ಅಂದರೆ ಕ್ಲಾಸಿನಲ್ಲಿ ಮಾಡಿದ ಬದಲಾವಣೆಯನ್ನು ಟೇಬಲಿಗೂ ತಲುಪಿಸುವ ವ್ಯವಸ್ಥೆ. ಮಂಡಿಯವರು ಹಮಾಲಿ ಕೂಲಿಗೆ ಬೇರೆ ಕಾಲಂ ಬೇಕು ಎಂದರೆ ರಾತ್ರಿ ಊಟ ಮುಗಿಸಿ ಕೂರುತ್ತೇನೆ. ಕ್ಲಾಸಿಗೆ ಒಂದು ಸಾಲು ಸೇರಿಸಿ ಮೇಕ್‌ಮೈಗ್ರೇಷನ್ಸ್ ಕೊಟ್ಟರೆ ಕ್ರಮಸಂಖ್ಯೆ ಹೊತ್ತ ಪುಟ್ಟ ಫೈಲೊಂದು ಬಂದು ಬೀಳುತ್ತದೆ. ಅದನ್ನು ತೆರೆದು ಓದುತ್ತೇನೆ. ಎಸ್‌ಕ್ಯೂಎಲ್‌ಮೈಗ್ರೇಟ್ ಕೊಟ್ಟು, ಡೇಟಾಬೇಸಿಗೆ ಹೋಗಲಿರುವ ಆಜ್ಞೆಯನ್ನೂ ನೋಡುತ್ತೇನೆ. ಆಮೇಲೆ ಮೈಗ್ರೇಟ್. ಹಸಿರು ಅಕ್ಷರದಲ್ಲಿ ಓಕೆ ಬಂದ ಮೇಲೆಯೇ ಲ್ಯಾಪ್‌ಟಾಪ್ ಮುಚ್ಚುವುದು. ಫೈಲ್ ಓದುವ ಅಭ್ಯಾಸ ಸುಮ್ಮನೆ ಬಂದದ್ದಲ್ಲ. ಒಮ್ಮೆ ಮುಂಗಡದ ಕಾಲಂಗೆ ಹೆಸರು ಬದಲಿಸಿದೆ. ‘ಹೆಸರು ಬದಲಿಸಿದ್ದೀರಾ?’ ಎಂದು ಜಾಂಗೊ ಕೇಳಿದಾಗ ಓದದೆ ಎಂಟರ್ ಒತ್ತಿಬಿಟ್ಟೆ. ಬರಿದೇ ಎಂಟರ್ ಒತ್ತಿದರೆ ‘ಇಲ್ಲ’ ಎಂದರ್ಥ. ಫೈಲಿನಲ್ಲಿ ನೋಡಿದರೆ ಹಳೆಯ ಕಾಲಂ ಅಳಿಸುವುದಕ್ಕೊಂದು ಆಜ್ಞೆ, ಹೊಸದನ್ನು ಸೇರಿಸುವುದಕ್ಕೊಂದು. ರೈತರಿಗೆ ಕೊಟ್ಟ ಮುಂಗಡದ ಲೆಕ್ಕವೆಲ್ಲ ಆವಿಯಾಗುತ್ತಿತ್ತು.

ಇಷ್ಟರವರೆಗೆ ಐದು ನಕ್ಷತ್ರ.

2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸಿನ ದರ 2,000 ರೂಪಾಯಿ ದಾಟಿತಲ್ಲ, ಆಗ ಮಂಡಿ ಮಾಲೀಕರಿಗೆ ಲೆಕ್ಕದ ಭದ್ರತೆಯ ಚಿಂತೆ ಹತ್ತಿತು. ಅಲ್ಲಿಯವರೆಗೆ ಎಲ್ಲವೂ ಒಂದೇ ಯಂತ್ರದಲ್ಲಿ, ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನ ಒಂದೇ ಫೈಲಿನಲ್ಲಿತ್ತು. ಬೇರೆ ಊರಿನಲ್ಲಿ ಅಗ್ಗಕ್ಕೆ ಸಿಕ್ಕ ಸರ್ವರ್ ಹಿಡಿದು ಲೆಕ್ಕವನ್ನು ಅಲ್ಲಿನ ಪೋಸ್ಟ್‌ಗ್ರೆಸ್ ಎಂಬ ದೊಡ್ಡ ಡೇಟಾಬೇಸಿಗೆ ಸಾಗಿಸಿದೆ. ಸೆಟ್ಟಿಂಗ್ಸಿನಲ್ಲಿ ಐದಾರು ಸಾಲು ಬದಲಾದವು, ಅಷ್ಟೆ. ಉಳಿದ ಕೋಡ್ ಮುಟ್ಟಲಿಲ್ಲ. ಬೀಗುತ್ತಾ ಮಲಗಿದೆ.

ಮರುದಿನ ಹರಾಜು ಮುಗಿದು ರೈತರು ಲೆಕ್ಕದ ಪಟ್ಟಿಗಾಗಿ ನಿಂತಿದ್ದರು. ದಿನದ ಲಾಟುಗಳ ಪುಟ ತೆರೆಯಲು 12 ಸೆಕೆಂಡು. ಗುಮಾಸ್ತರು ಬೆರಳಿನಿಂದ ಮೇಜು ಕುಟ್ಟುತ್ತಾ ತೆಲುಗಿನಲ್ಲಿ ಏನೋ ಗೊಣಗಿದರು. (ನಮ್ಮ ಕಡೆ ಲೆಕ್ಕ ಬಾಯಿಗೆ ಬರುವುದು ತೆಲುಗಿನಲ್ಲಿ, ಕಾಗದಕ್ಕಿಳಿಯುವುದು ಕನ್ನಡದಲ್ಲಿ.) ಆ ದಿನದ ಪ್ರತಿಯನ್ನು ನನ್ನ ಲ್ಯಾಪ್‌ಟಾಪಿಗೆ ಇಳಿಸಿ, ಪುಟವೊಂದು ಡೇಟಾಬೇಸಿಗೆ ಕಳಿಸುವ ಪ್ರಶ್ನೆಗಳನ್ನು, ಅಂದರೆ ಕ್ವೆರಿಗಳನ್ನು, ಎಣಿಸಿ ತೋರಿಸುವ ಡಿಬಗ್ ಟೂಲ್‌ಬಾರ್ ಹಾಕಿ ನೋಡಿದೆ: 601 ಕ್ವೆರಿ. 300 ಲಾಟುಗಳನ್ನು ತರಲು ಒಂದು. ಆಮೇಲೆ ಪ್ರತಿ ಲಾಟಿಗೂ ರೈತನ ಹೆಸರಿಗೊಂದು, ವ್ಯಾಪಾರಿಯ ಹೆಸರಿಗೊಂದು. ಒಂದು ಕ್ವೆರಿ ಹೋಗಿ ಬರಲು 20 ಮಿಲಿಸೆಕೆಂಡ್ ಎಂದರೆ ಅಲ್ಲಿಗೇ 12 ಸೆಕೆಂಡು ಆಯಿತು. ಎಸ್‌ಕ್ಯೂಲೈಟ್ ಇದ್ದಾಗ ಡೇಟಾಬೇಸ್ ಅದೇ ಯಂತ್ರದಲ್ಲಿ ಇದ್ದುದರಿಂದ ಈ ಓಡಾಟ ಗೊತ್ತೇ ಆಗಿರಲಿಲ್ಲ.

ಗುಮಾಸ್ತರಿಗೆ ವಿಷಯ ಹೇಳಿದೆ. “ಅಂದರೆ ನಿನ್ನ ಕಂಪ್ಯೂಟರ್ ಪ್ರತಿ ಲಾಟಿಗೂ ಎದ್ದು ಹೋಗಿ ರೈತನ ಹೆಸರು ಕೇಳಿಕೊಂಡು ಬರುತ್ತದೇನಪ್ಪಾ? ನಾನಾದರೆ ಲಾಟು ಇಳಿಸುವಾಗಲೇ ಹೆಸರನ್ನೂ ಬರೆದುಕೊಂಡಿರುತ್ತೇನೆ” ಎಂದರು. ಜಾಂಗೊದ ಸೆಲೆಕ್ಟ್ ರಿಲೇಟೆಡ್ ಎಂಬ ಆಜ್ಞೆ ಮಾಡುವುದೂ ಅದನ್ನೇ: ಜಾಯಿನ್ ಹಾಕಿ ರೈತನನ್ನೂ ವ್ಯಾಪಾರಿಯನ್ನೂ ಲಾಟಿನ ಜೊತೆಗೇ ತರುತ್ತದೆ. ಒಂದು ಸಾಲು ತಿದ್ದಿದೆ, 601 ಹೋಗಿ 1 ಆಯಿತು. ರೈತರನ್ನೆಲ್ಲ ಪಟ್ಟಿ ಮಾಡಿ ಪ್ರತಿಯೊಬ್ಬರ ಲಾಟುಗಳನ್ನೂ ತೋರಿಸುವ ಪುಟದಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಪ್ರಿಫೆಚ್ ರಿಲೇಟೆಡ್ ಬೇಕು, ಅದು ಇನ್ನೊಂದು ಕ್ವೆರಿ ಕಳಿಸಿ ಪೈಥಾನಿನಲ್ಲಿ ಜೋಡಿಸುತ್ತದೆ.

ಇದು ದೋಷವಲ್ಲ, ಜಾಂಗೊದ ದಾಖಲೆಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ, ಓದದವನು ನಾನು. ಆದರೂ ಸಿಟ್ಟು ಇಳಿದಿಲ್ಲ. ಆ ಚುಕ್ಕಿ ನೋಡಿದರೆ ಪಕ್ಕದ ಕಪಾಟಿನಿಂದ ಏನೋ ತೆಗೆದಂತೆ ಕಾಣುತ್ತದೆ, ನಡೆಯುವುದು ಪರವೂರಿಗೆ ಪ್ರಯಾಣ. ಹೀಗೆ ಗುಟ್ಟಾಗಿ ತರಲು ಹೋದರೆ ದೋಷ ಎಂದು ನಿಲ್ಲಿಸಿಬಿಡುವ ಸೌಲಭ್ಯ ರೂಬಿ ಭಾಷೆಯ ರೈಲ್ಸ್ ಚೌಕಟ್ಟಿನಲ್ಲಿ 6.1ನೇ ಆವೃತ್ತಿಯಿಂದಲೇ ಇದೆ ಎಂದು ತಿಳಿದಾಗ ಹೊಟ್ಟೆಯುರಿಯಿತು.

ಬಿಟ್ಟು ಹೋಗುತ್ತೇನೆಯೇ? ಇಲ್ಲ. ಒಬ್ಬನೇ ಬರೆದು ಒಬ್ಬನೇ ನೋಡಿಕೊಳ್ಳುವ ಕೆಲಸ. ಪರವಾನಗಿಗೆ ಕಾಸು ಕೊಡಬೇಕಿಲ್ಲ. ವರ್ಷದ ಕಮಿಷನ್ ವರದಿಯನ್ನು ಮಾತ್ರ ಈಗ ಡೇಟಾಬೇಸಿನದೇ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಕೈಯಾರೆ ಬರೆಯುತ್ತೇನೆ. ಕಾಲೇಜಿನಲ್ಲಿ ಕಾಡಿದ ಜಾಯಿನ್ ಈಗ ಅಷ್ಟು ಕಾಡುವುದಿಲ್ಲ. ನಾಲ್ಕು ನಕ್ಷತ್ರ. ಐದನೆಯದನ್ನು ಡಿಬಗ್ ಟೂಲ್‌ಬಾರ್ ಬರೆದವರಿಗೆ ಕೊಡುತ್ತೇನೆ.